ಬಾರ್ನಬೆಯ ನಗು ಶುರುವಾಗುವ ಮುನ್ನ

ಬಾರ್ನಬೆ ತ್ರುಶೋ ನಗುವ ಮೊದಲು ಒಂದು ಸಣ್ಣ ಉಸಿರು ಬಿಡುತ್ತಿದ್ದ. ಯಾರೋ ಮೇಣದಬತ್ತಿ ಊದಿ ಆರಿಸಿದಂತೆ, ಅಷ್ಟೇ. ಅದಾದ ಮೇಲೆ ಒಂದು ತೆರಪು. ಆ ತೆರಪಿನಲ್ಲಿ ರಂಗಮಂದಿರವೆಲ್ಲ ಏನನ್ನೋ ಕಾಯುತ್ತಿತ್ತು; ಏನನ್ನು ಎಂದು ಕಾಯುವವರಿಗೇ ಗೊತ್ತಿರುತ್ತಿರಲಿಲ್ಲ. ಆಮೇಲೆ ನಗು ಬರುತ್ತಿತ್ತು, ಖಾಲಿ ಪೀಪಾಯಿಯೊಂದು ಮೆಟ್ಟಿಲುಗಳ ಮೇಲಿಂದ ಉರುಳಿಕೊಂಡು ಬಂದ ಹಾಗೆ. ಅದು ಕೊನೆಯ ಮೆಟ್ಟಿಲು ಮುಟ್ಟುವಷ್ಟರಲ್ಲಿ ಕೆಳಗಿನ ಸಾಲಿನ ವಕೀಲರೂ, ಮೇಲಿನ ಸಾಲಿನ ಅಡುಗೆಯವರೂ, ಪ್ಯಾರಿಸ್ ನೋಡಲು ಬಂದು ಮಾತು ಅರ್ಥವಾಗದೆ ಕೂತಿದ್ದ ಪರದೇಶದವರೂ ಹೊಟ್ಟೆ ಹಿಡಿದುಕೊಂಡಿರುತ್ತಿದ್ದರು.

ನಗುವುದು ಅವನ ಸಂಜೆಯ ಕಸುಬು. ಹಗಲು ಕುರ್ಚಿಗಳಿಗೆ ಹುಲ್ಲು ಹೆಣೆಯುತ್ತಿದ್ದ. ಸಂಜೆಯಾದರೆ ಕೈ ತೊಳೆದು, ಇದ್ದೊಂದು ಕರೀ ಕೋಟು ತೊಟ್ಟು, ಬೂಲ್ವಾರ್ ಎನ್ನುವ ಅಗಲ ಬೀದಿಯ ಆ ಸಾಧಾರಣ ರಂಗಮಂದಿರಕ್ಕೆ ಬಂದು, ದೊಡ್ಡ ದೀಪಗುಚ್ಛದ ಕೆಳಗೆ ಚಪ್ಪಾಳೆಯವರ ನಡುವೆ ಕೂರುತ್ತಿದ್ದ. ಆ ಕಾಲಕ್ಕೆ ಎಲ್ಲ ರಂಗಮಂದಿರಗಳೂ ಸಭೆಗೆ ದಾರಿ ತೋರಿಸಲು ಕೂಲಿ ಕೊಟ್ಟು ಇಂಥ ಒಂದು ಪಡೆಯನ್ನು ಸಾಕಿಕೊಂಡಿದ್ದವು. ಚಪ್ಪಾಳೆ ತಟ್ಟುವವರು ಕೆಲವರು, ನಗುವವರು ಕೆಲವರು. ಮೇಲಿನ ಗ್ಯಾಲರಿಯಲ್ಲಿ ಕರವಸ್ತ್ರ ಹಿಡಿದು ಅಳುವ ಹೆಂಗಸರು. ಅಳುವವರಲ್ಲಿ ಮೊದಲಿಗಳು ಲೆಯೊಕಾದಿ. ಹಗಲು ಟೋಪಿ ಅಂಗಡಿಗಳಿಗೆ ಬಟ್ಟೆಯ ಹೂ ಮಾಡಿಕೊಡುವ ಹೆಂಗಸು. ಗಂಡ ತೀರಿಕೊಂಡ ವರ್ಷ ಈ ಕೆಲಸಕ್ಕೆ ಬಂದಿದ್ದಳು. ಅಳು ಹೇಗೂ ಬರುತ್ತಿತ್ತು, ಅದಕ್ಕೊಂದು ಜಾಗ ಸಿಕ್ಕಿತು.

ಪಡೆಯ ಮುಖಂಡ ಕಾಬ್ರಿಯೆ; ಎಲ್ಲರೂ ಮರ್ಯಾದೆಯಿಂದ ಮೊಸ್ಯೂ ಎನ್ನುತ್ತಿದ್ದರು. ಬೆಳ್ಳಿ ಹಿಡಿಯ ಬೆತ್ತ ಗಲ್ಲಕ್ಕೆ ತಾಗಿಸಿದರೆ ಚಪ್ಪಾಳೆ. ಬಿಳಿ ಕರವಸ್ತ್ರದಿಂದ ಮೂಗು ಒರೆಸಿದರೆ ನಗು. ಬಲಗೈಯ ಕೈಗವಸು ಕಳಚಿದರೆ ಅಳು; ಮತ್ತೆ ತೊಟ್ಟುಕೊಂಡರೆ ಅಳು ನಿಲ್ಲಬೇಕು. ಆಟಕ್ಕೆ ಮುಂಚೆ ಹಿಂದಿನ ಬೀದಿಯ ವೈನ್ ಅಂಗಡಿಯಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಪಾಠ ಹೇಳುತ್ತಿದ್ದ.

"ಮಕ್ಕಳಾ, ಪ್ರಹಸನದಲ್ಲಿ ಗಂಡ ಬೀರು ಒಳಗೆ ಅವಿತುಕೊಳ್ತಾನೆ. ನಗು ಬೀರು ಬಾಗಿಲು ಮುಚ್ಚಿದಾಗ. ತೆಗೆದಾಗ ಅಲ್ಲ. ನಿನ್ನೆ ಯಾವನೋ ತೆಗೆದಾಗ ನಕ್ಕ."

"ಫಿರ್ಮಾನ್ ಇರಬೇಕು," ಎಂದ ಬಾರ್ನಬೆ. "ಅವನಿಗೆ ಬೀರು ಅಂದ್ರೆ ಒಳಗೆ ಮಾಂಸ ಇದೆ ಅಂತ ಆಸೆ."

ಫಿರ್ಮಾನ್ ಕಸಾಯಿ ಅಂಗಡಿಯ ಆಳು, ನಗುವವರಲ್ಲಿ ಎರಡನೆಯವನು. "ನಾನು ನಿನ್ನ ಹಿಂದೆ ಹೋಗೋನು ಕಣೋ. ನೀನು ಶುರುಮಾಡದೆ ನನ್ನ ಬಾಯಿ ತೆರೆಯಲ್ಲ, ಬೇಕಾದ್ರೆ ನನ್ನ ಹೆಂಡ್ತೀನ ಕೇಳು."

"ಮನೇಲೂ ಹಾಗೇನಾ?"

ಎಲ್ಲರೂ ನಕ್ಕರು. ಅದು ಸನ್ನೆಯಿಲ್ಲದ ನಗು, ಹಾಗಾಗಿ ಚೆಲ್ಲಾಪಿಲ್ಲಿಯಾಗಿತ್ತು. ಬಾರ್ನಬೆ ಲೆಯೊಕಾದಿಯ ಕಡೆ ತಿರುಗಿದ. "ಏನು ಮುದುಕಿ, ಇವತ್ತು ಎಷ್ಟು ಕರವಸ್ತ್ರ?"

"ನಿನ್ನ ಮುಖ ನೋಡ್ಕೊಂಡು ಅತ್ತರೆ ಹಾಸಿಗೆ ಚಾದರಾನೇ ಬೇಕು."

ಅವರಿಬ್ಬರ ಸ್ನೇಹ ಹೀಗೆ. ಭಾನುವಾರಗಳಂದು ಅವಳ ಕೋಣೆಯಲ್ಲಿ ಸೂಪು, ಅವನು ತಂದ ಬ್ರೆಡ್ಡು. ಅವನ ಕುರ್ಚಿಯ ಹುಲ್ಲು ಒಂದು ಮೂಲೆಗೆ, ಅವಳ ಹೂವಿನ ದಳಗಳು ಇನ್ನೊಂದು ಮೂಲೆಗೆ. ಮದುವೆಯ ಮಾತು ಒಮ್ಮೆಯೂ ಬರಲಿಲ್ಲ. ಅದಿಲ್ಲದೆಯೇ ಚೆನ್ನಾಗಿತ್ತು.

ಕಬ್ಬಿಣದ ಗೋಪುರ ಎದ್ದ ವರ್ಷ ಪ್ಯಾರಿಸಿಗೆ ಜನವೋ ಜನ. ಅವರಲ್ಲಿ ನಾರ್ವೆಯ ಯಾವುದೋ ಬಂದರಿನಿಂದ ಬಂದ ಉಪ್ಪುಮೀನಿನ ವ್ಯಾಪಾರಿ ಬ್ರೆಕ್ಕೆಯೂ ಒಬ್ಬ. ಆನೆಯಂಥ ದೇಹ, ಮಗುವಿನ ಕಣ್ಣು. ಟಿಕೆಟ್ ಕೊಟ್ಟವಳು ಅವನನ್ನು ಬಾರ್ನಬೆಯ ಪಕ್ಕ ಕೂರಿಸಿದಳು. ನಾಟಕದ ಒಂದು ಮಾತೂ ತಿಳಿಯದೆ ಬೆವರುತ್ತಿದ್ದ ಅವನಿಗೆ ಸ್ವಲ್ಪ ಹೊತ್ತಿನಲ್ಲೇ ಒಂದು ದಾರಿ ಕಂಡಿತು: ಪಕ್ಕದವನು ನಕ್ಕಾಗ ನಕ್ಕರಾಯಿತು. ಅಂದು ಅವನಷ್ಟು ನಕ್ಕವರಿಲ್ಲ. ಪರದೆ ಬಿದ್ದ ಮೇಲೆ ಬಾರ್ನಬೆಯ ಎರಡೂ ಕೈ ಹಿಡಿದುಕೊಂಡ.

"ನನಗೆ ಮಾತು ಅರ್ಥ ಇಲ್ಲ. ನಿಮ್ಮ ನಗು ಅರ್ಥ ಇದೆ. ನೀವು ಪ್ಯಾರಿಸಿನಲ್ಲಿ ಬಹಳ ಸುಖ ಮನುಷ್ಯ!"

ಅಲ್ಲಿಂದ ಮುಂದೆ ಪ್ರತಿವರ್ಷ ಚಳಿಗಾಲ ಶುರುವಾಗುವ ಹೊತ್ತಿಗೆ ಮೀನು ಮಾರಲು ಬಂದವನು ಅದೇ ಜಾಗ ಕೇಳಿ ಪಡೆಯುತ್ತಿದ್ದ. ಬಾರ್ನಬೆಗೆ ಕೂಲಿ ಕೊಟ್ಟು ನಗಿಸುತ್ತಾರೆ ಎಂಬುದು ಅವನಿಗೆ ಗೊತ್ತೇ ಆಗಲಿಲ್ಲ.

"ಹೇಳಿಬಿಡಬಾರದಾ ಪಾಪ," ಎಂದಳು ಲೆಯೊಕಾದಿ ಒಮ್ಮೆ.

"ಹೇಳಿದ್ರೆ ಅವನ ಪ್ಯಾರಿಸ್ ಹಾಳಾಗುತ್ತೆ ಕಣೆ."

ಆಟವಿಲ್ಲದ ದಿನ ಇಬ್ಬರೂ ಅವನನ್ನು ಸುತ್ತಾಡಿಸುತ್ತಿದ್ದರು. ನೃತ್ಯದ ತೋಟಗಳಲ್ಲಿ ಬ್ರೆಕ್ಕೆ ಲೆಯೊಕಾದಿಯ ಕಾಲು ತುಳಿದು ಕುಣಿದ. ಹಾಡಿನ ಕೆಫೆಗಳಲ್ಲಿ ಹಾಡು ಮುಗಿಯುವ ಮೊದಲೇ ಚಪ್ಪಾಳೆ ತಟ್ಟಿ ಬೈಸಿಕೊಂಡ. ಯಾವುದನ್ನು ನೋಡುವಾಗಲೂ ಮೊದಲು ಬಾರ್ನಬೆಯ ಮುಖ ನೋಡುತ್ತಿದ್ದ, ಇದನ್ನು ಹೇಗೆ ಸವಿಯಬೇಕು ಎಂದು ಕೇಳುವಂತೆ.

ಒಂದು ವರ್ಷ, ಊರಿನ ಉತ್ತರದ ಅಂಚಿನ ಗುಡ್ಡದ ಬುಡದಲ್ಲಿ ಹೊಸದಾಗಿ ತೆರೆದಿದ್ದ ಸಾವಿನ ಕೆಫೆಗೆ ಹೋದರು. ಊರಿಗೆ ಬಂದವರೆಲ್ಲ ಮುಗಿಬೀಳುತ್ತಿದ್ದ ಜಾಗ ಅದು. ಅಲ್ಲಿ ಶವಪೆಟ್ಟಿಗೆಗಳೇ ಮೇಜು. ಹೆಣ ಹೊರುವವರ ಉಡುಪಿನ ಮಾಣಿ ಬಾಗಿಲಲ್ಲೇ ಕೂಗಿದ: "ಬನ್ನಿ ಹೆಣಗಳೇ, ಕೂತ್ಕೊಳ್ಳಿ! ಯಾವ ವಿಷ ತರಲಿ?" ಹಸಿರು ದೀಪದಲ್ಲಿ ಎಲ್ಲರ ತುಟಿಯೂ ನೀಲಿಯಾಗಿ ಕಾಣುತ್ತಿತ್ತು. ಬ್ರೆಕ್ಕೆ ಬಿಯರ್ ಹೀರುತ್ತ ಶವಪೆಟ್ಟಿಗೆಯ ಮೇಲೆ ತಾಳ ಹಾಕಿದ.

ಒಳಗಿನ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿದ ಒಂದು ಪೆಟ್ಟಿಗೆ ಇತ್ತು. ನೋಡಲು ಬಂದವರಲ್ಲೇ ಒಬ್ಬರು ಅದರೊಳಗೆ ನಿಲ್ಲಬೇಕು. ಬಿಳಿ ಬಟ್ಟೆ ಹೊದಿಸಿ, ಕನ್ನಡಿ ಮತ್ತು ದೀಪಗಳ ಚಮತ್ಕಾರದಿಂದ ಅವರನ್ನು ಎಲುಬಿನ ಗೂಡಾಗಿ ತೋರಿಸುತ್ತಿದ್ದರು. "ಯಾರು ಸಾಯ್ತೀರಿ?" ಎಂದು ಮಾಣಿ ಕೇಳಿದ.

"ನಾನು," ಎಂದು ಬಾರ್ನಬೆ ಎದ್ದ.

ಲೆಯೊಕಾದಿ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಮೊದಲು ಅವನ ಕೆನ್ನೆ ಕುಳಿಬಿದ್ದಂತೆ ಕಂಡಿತು. ಕಣ್ಣುಗಳು ಒಳಕ್ಕೆ ಸರಿದವು. ಮೂಗು ಕರಗಿತು. ಚಮತ್ಕಾರವೆಂದು ಗೊತ್ತಿದ್ದರೂ ಅವಳು ಮುಂದಕ್ಕೆ ಬಾಗಿ ನೋಡಿದಳು. ಕಡೆಗೆ ಅಲ್ಲಿ ಹಲ್ಲು, ಎಲುಬು, ಎರಡು ಕಪ್ಪು ತೂತು, ಅಷ್ಟೇ ಉಳಿಯಿತು. ಆಗ ಆ ಎಲುಬುಗಳ ನಡುವಿನಿಂದ ಒಂದು ಸಣ್ಣ ಉಸಿರು ಬಂತು, ಮೇಣದಬತ್ತಿ ಊದಿದಂತೆ. ಒಂದು ತೆರಪು. ಆಮೇಲೆ ಪೀಪಾಯಿ ಉರುಳಿತು.

ಹೆಂಗಸರು ಕಿರುಚಿದರು, ಗಂಡಸರು ನಕ್ಕರು, ಬ್ರೆಕ್ಕೆ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಲೆಯೊಕಾದಿ ಮಾತ್ರ ಆ ಎಲುಬಿನ ಗೂಡಿನಿಂದ ಕಣ್ಣು ಕೀಳಲಿಲ್ಲ.

ಹೊರಗೆ ಬಂದ ಮೇಲೆ ಬಾರ್ನಬೆ ಎಂದೂ ಇಲ್ಲದಷ್ಟು ಮೆಲ್ಲಗೆ ಹೇಳಿದ: "ಒಳಗಿಂದ ಏನೂ ಕಾಣಲ್ಲ ಮುದುಕಿ. ಎಲ್ಲಾ ಕತ್ತಲು. ನಿನ್ನ ಮುಖ ಒಂದೇ ಬೆಳಕಲ್ಲಿತ್ತು. ಬಾಯಿ ತೆರ್ಕೊಂಡು ನನ್ನನ್ನ ಹುಡುಕ್ತಾ ಇದ್ದೆ. ನಗು ತಾನಾಗೇ ಬಂತು. ಇಷ್ಟು ವರ್ಷದಲ್ಲಿ ಯಾರೂ ಮೂಗು ಒರೆಸದೇ ಬಂದ ನಗು ಇದೊಂದೇ ನೋಡು."

"ನಾನು ಹೆದರಿ ಸತ್ತೆ."

"ಸತ್ತಿದ್ದು ನಾನು. ಸರಿಯಾಗಿ ಹೇಳು."

ಮುಂದಿನ ಬೇಸಿಗೆಯಲ್ಲಿ ಬಾರ್ನಬೆಗೆ ಎದೆಯ ಕಾಯಿಲೆ ಹಿಡಿಯಿತು. ಶರತ್ಕಾಲದಲ್ಲಿ ಹೊಸ ಪ್ರಹಸನ ಶುರುವಾಯಿತು; ಅದರಲ್ಲೂ ಬೀರುವಿನೊಳಗೆ ಅವಿತುಕೊಳ್ಳುವ ಗಂಡನೇ. ಬಾರ್ನಬೆ ಮೊದಲ ವಾರವೆಲ್ಲ ನಕ್ಕ. ಆಮೇಲೆ ಮೆಟ್ಟಿಲು ಇಳಿಯಲಾರದೆ ಚಾವಣಿಯ ಕೆಳಗಿನ ತನ್ನ ಕೋಣೆಯಲ್ಲೇ ಮಲಗಿದ. ಲೆಯೊಕಾದಿ ಬಿಸಿ ಸೂಪು ಹೊತ್ತು ಆರು ಅಂತಸ್ತು ಹತ್ತುತ್ತಿದ್ದಳು. ಅರ್ಧ ಹೆಣೆದ ಕುರ್ಚಿಯೊಂದು ಹಾಸಿಗೆಯ ಪಕ್ಕದಲ್ಲಿತ್ತು. ಕೂತರೆ ಹುಲ್ಲು ಕುಸಿಯುತ್ತಿದ್ದರಿಂದ ಅವಳು ಅದರ ಅಂಚಿನಲ್ಲೇ ಕೂರುತ್ತಿದ್ದಳು.

"ಒಂದು ಮಾತು," ಎಂದ ಬಾರ್ನಬೆ ಒಂದು ಮಧ್ಯಾಹ್ನ. "ನಾನು ಹೋದಾಗ ನೀನು ಅಳ್ತೀಯ."

"ಯಾರು ಹೇಳಿದ್ದು? ಸಮಾಧಾನವಾಗಿ ನಿದ್ದೆ ಮಾಡ್ತೀನಿ."

"ಅಳ್ತೀಯ. ಆದ್ರೆ ಆ ಗ್ಯಾಲರಿ ಅಳು ತರಬೇಡ ಮಾರಾಯ್ತಿ. ಮೊದಲು ಗಲ್ಲ ನಡುಗುತ್ತೆ. ಆಮೇಲೆ ಎಡಗಣ್ಣು. ಆಮೇಲೆ ಬಲಗಣ್ಣು. ಕೆಳಗೆ ಕೂತು ನೋಡಿ ನೋಡಿ ನಂಗೆ ಬಾಯಿಪಾಠ ಆಗಿದೆ. ನನ್ನ ಪೆಟ್ಟಿಗೆ ಮುಂದೂ ಅದನ್ನೇ ಮಾಡಿದ್ರೆ ಎದ್ದು ಕೂತು ನಗ್ತೀನಿ."

"ನನ್ನ ಹತ್ತಿರ ಬೇರೆ ಅಳು ಇದೆ."

"ಎಲ್ಲಿಟ್ಟಿದೀಯ?"

ಅವಳು ತನ್ನ ಗಂಡ ಸತ್ತಾಗ ಹೇಗೆ ಅತ್ತಿದ್ದೆನೆಂದು ನೆನೆಯಲು ಹೋದಳು. ಗ್ಯಾಲರಿಯ ಕೆಂಪು ಕಂಬಿ, ಕೆಳಗೆ ಕೈಗವಸು ಕಳಚುವ ಕಾಬ್ರಿಯೆ, ಇದೇ ನೆನಪಾಯಿತು.

"ನನ್ನ ನಿಜವಾದ ನಗು ನಿಂಗೆ ಕೊಟ್ಟಾಯ್ತು," ಎಂದ ಬಾರ್ನಬೆ, ಕಣ್ಣು ಮುಚ್ಚಿಕೊಂಡು. "ಈಗ ನಿನ್ನ ಸರದಿ. ಹುಡುಕು. ನಾನು ಕಾಯ್ತೀನಿ, ನಂಗೇನೂ ಬೇರೆ ಕೆಲಸ ಇಲ್ಲ."

ಆ ವಾರವೇ ಅವನು ತೀರಿಕೊಂಡ.

ಊರ ಹೊರಗಿನ ಪಾಂತಾನ್ ಸ್ಮಶಾನದಲ್ಲಿ, ಜಿನುಗು ಮಳೆಯಲ್ಲಿ ಅವನನ್ನು ಮಣ್ಣು ಮಾಡಿದರು. ನೆಂಟರು ಯಾರೂ ಇರಲಿಲ್ಲ, ಪಡೆಯೆಲ್ಲ ಬಂದಿತ್ತು. ಅಭ್ಯಾಸಬಲದಿಂದ ಆಟದ ಸಾಲುಗಳಂತೆಯೇ ನಿಂತಿದ್ದರು: ಮುಂದೆ ಚಪ್ಪಾಳೆಯವರು, ಎಡಕ್ಕೆ ನಗುವವರು, ತುಸು ಎತ್ತರದ ದಿಬ್ಬದ ಮೇಲೆ ಅಳುವ ಹೆಂಗಸರು. ಎದುರಿಗೆ ಕಾಬ್ರಿಯೆ. ಪೆಟ್ಟಿಗೆ ಗುಂಡಿಗೆ ಇಳಿಯಿತು. ಪಾದ್ರಿ ಲ್ಯಾಟಿನ್ ಪ್ರಾರ್ಥನೆ ಶುರುಮಾಡಿದ.

ಕಾಬ್ರಿಯೆಗೆ ನೆಗಡಿ. ದುಃಖವೂ ಇತ್ತು, ಎಷ್ಟಾದರೂ ತನ್ನ ಕೈಯಲ್ಲಿ ಬೆಳೆದ ಆಳು. ಯೋಚಿಸದೆ ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ.

ಒಂದು ಸಣ್ಣ ಉಸಿರು ಕೇಳಿತು. ಒಂದು ತೆರಪು. ಆಮೇಲೆ ನಗುವವರೆಲ್ಲ ಒಟ್ಟಿಗೆ ನಕ್ಕರು. ಫಿರ್ಮಾನ್ ಹೊಟ್ಟೆ ಕುಣಿಸಿ ನಕ್ಕ. ಸಾಲು ಸಾಲಾಗಿ, ಸರಿಯಾದ ಏರಿನಲ್ಲಿ, ತಾಲೀಮು ಮಾಡಿದಂತೆ ನಗು ಗುಂಡಿಯ ಸುತ್ತ ಉರುಳಿತು. ಪಾದ್ರಿ ಪ್ರಾರ್ಥನೆ ನಿಲ್ಲಿಸಿ ತಲೆ ಎತ್ತಿದ. ಕಾಬ್ರಿಯೆ ಗಾಬರಿಯಾಗಿ ಕರವಸ್ತ್ರ ಜೇಬಿಗೆ ತುರುಕಿ, ಹಿಡಿ ಮಣ್ಣು ಹಾಕಿ ಈ ಅಪಚಾರ ಮುಗಿಸೋಣವೆಂದು ಬಲಗೈಯ ಕೈಗವಸು ಕಳಚಿದ.

ದಿಬ್ಬದ ಮೇಲಿನ ಹೆಂಗಸರು ಅತ್ತರು.

ಲೆಯೊಕಾದಿಯ ಗಲ್ಲ ನಡುಗಿತು. ಆಮೇಲೆ ಎಡಗಣ್ಣು. ಆಮೇಲೆ ಬಲಗಣ್ಣು. ಮಣ್ಣು ಹಾಕಿದ ಕಾಬ್ರಿಯೆ ಚಳಿಗೆ ಮತ್ತೆ ಕೈಗವಸು ತೊಟ್ಟುಕೊಂಡ. ಯಾರೋ ನಲ್ಲಿ ತಿರುಗಿಸಿದಂತೆ ಅವಳ ಕಣ್ಣೀರು ನಿಂತಿತು. ಕೆನ್ನೆ ಮುಟ್ಟಿಕೊಂಡಳು. ಮಳೆಯ ನೀರಿತ್ತು, ಅಷ್ಟೇ.

ಸ್ಮಶಾನದ ಬಾಗಿಲ ಎದುರಿನ ವೈನ್ ಅಂಗಡಿಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತರು.

"ಯಾವ ಕತ್ತೆ ಶುರುಮಾಡಿದ್ದು?" ಎಂದ ಕಾಬ್ರಿಯೆ.

"ನಾನು ಹಿಂದೆ ಹೋದೆ ಅಷ್ಟೇ," ಎಂದ ಫಿರ್ಮಾನ್. "ಯಾವಾಗ್ಲೂ ಹಿಂದೇನೇ ಹೋಗೋದು. ನಿಮಗೇ ಗೊತ್ತಲ್ಲ ಮೊಸ್ಯೂ."

"ಯಾರ ಹಿಂದೆ?"

ಫಿರ್ಮಾನ್ ಲೋಟ ಕೆಳಗಿಟ್ಟ. ಉಳಿದ ನಗುವವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಒಬ್ಬೊಬ್ಬರೂ ತಲೆಯಾಡಿಸಿದರು. ತಾನಲ್ಲ, ತಾನಲ್ಲ.

ಆ ಉಸಿರನ್ನು ಲೆಯೊಕಾದಿಯೂ ಕೇಳಿದ್ದಳು. ಅದು ಎಡಗಡೆಯ ಸಾಲಿನಿಂದ ಬಂದಿರಲಿಲ್ಲ. ಗುಂಡಿಯ ಒಳಗಿನಿಂದ ಬಂದಿತ್ತು.

ಪಡೆಯಲ್ಲೊಂದು ಪದ್ಧತಿ ಇತ್ತು. ಒಬ್ಬ ಸತ್ತರೆ, ಅವನು ಶುರುಮಾಡಿಕೊಟ್ಟ ನಾಟಕದ ಆಟಗಳೆಲ್ಲ ಮುಗಿದು ಅದು ಇಳಿಯುವವರೆಗೂ ಅವನ ಜಾಗ ಅವನದೇ. ಅದನ್ನು ಮಾರುವಂತಿಲ್ಲ, ಬೇರೆಯವರು ಕೂರುವಂತಿಲ್ಲ. ಅವನ ಟೋಪಿ ಅಲ್ಲಿರುತ್ತದೆ. ಬಾರ್ನಬೆಯ ಸವೆದ ಕರೀ ಟೋಪಿಯನ್ನು ಲೆಯೊಕಾದಿಯೇ ತಂದು ಅವನ ಕುರ್ಚಿಯ ಕೆಂಪು ಮಖಮಲ್ಲಿನ ಮೇಲಿಟ್ಟಳು.

ಅವನನ್ನು ಮಣ್ಣು ಮಾಡಿದ ಮೇಲಿನ ಮೊದಲ ಆಟದಲ್ಲಿ ಬೀರುವಿನ ಬಾಗಿಲು ಮುಚ್ಚಿತು. ಕಾಬ್ರಿಯೆ ಮೂಗು ಒರೆಸಿದ. ಅವನು ಮಲಗಿದ್ದಷ್ಟು ದಿನ ಹೇಗೋ ನಕ್ಕಿದ್ದವರಿಗೆ ಈಗ ನಗಲಾಗಲಿಲ್ಲ. ಫಿರ್ಮಾನ್ ಬಾಯಿ ತೆರೆದು ಹಾಗೆಯೇ ಉಳಿದ. ಬೀರುವಿನೊಳಗಿದ್ದ ನಟ ಮುಂದಿನ ಮಾತು ಆಡಲಾರದೆ ಕಾಯುತ್ತಿದ್ದ. ಆಗ ದೀಪಗುಚ್ಛದ ಕೆಳಗಿನಿಂದ, ಟೋಪಿ ಇದ್ದ ಕಡೆಯಿಂದ, ಆ ಉಸಿರು ಬಂತು.

ಅಂದಿನಿಂದ ಪ್ರತಿ ಆಟದಲ್ಲೂ ಬಂತು. ಜನಕ್ಕೇನು ಗೊತ್ತು, ಅವರು ನಕ್ಕರು. ಪಡೆಯವರೂ ನಕ್ಕರು, ಟೋಪಿಯ ಕಡೆ ನೋಡದೆ. ಒಂದು ಸಂಜೆ ವೈನ್ ಅಂಗಡಿಯಲ್ಲಿ ಕಾಬ್ರಿಯೆ ಬೆತ್ತದ ಹಿಡಿ ತಿರುಗಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದ: "ಯಾರೋ ಶುರುಮಾಡ್ತಿದಾರೆ. ಯಾರು ಅಂತ ನಾನು ಕೇಳಲ್ಲ. ನೀವೂ ಕೇಳಬೇಡಿ ಮಕ್ಕಳಾ. ಆಟ ನಡೀತಿದೆ."

ಲೆಯೊಕಾದಿಗೆ ಮಾತ್ರ ಕೇಳುವ ಅಗತ್ಯವೇ ಇರಲಿಲ್ಲ. ಕಾಯ್ತೀನಿ ಎಂದಿದ್ದ, ಕಾಯುತ್ತಿದ್ದ. ಅವಳು ಆ ಬೇರೆ ಅಳುವನ್ನು ಹುಡುಕಿದಳು. ಅವನ ಕೋಣೆಯಿಂದ ತಂದ ಅರ್ಧ ಹೆಣೆದ ಕುರ್ಚಿಯನ್ನು ಕಿಟಕಿಯ ಬಳಿ ಇಟ್ಟು ಅದರ ಮುಂದೆ ಕೂತಳು. ಗಲ್ಲ ನಡುಗಿತು, ಅವಳು ತಟ್ಟನೆ ಕೆನ್ನೆಗೆ ಹೊಡೆದುಕೊಂಡಳು. ಪಾಂತಾನಿಗೆ ಹೋದಳು. ಹಸಿಮಣ್ಣಿನ ದಿಬ್ಬದ ಮುಂದೆ ಮೊಣಕಾಲೂರಿದೊಡನೆ ಎಡಗಣ್ಣು ಒದ್ದೆಯಾಯಿತು. ಬಲಗಣ್ಣು ತನ್ನ ಸರದಿಗೆ ಕಾಯುತ್ತಿರುವುದು ಅವಳಿಗೇ ಗೊತ್ತಾಯಿತು. ಎದ್ದು ಬಂದಳು. ಅವನ ಸೂಪಿನ ಬಟ್ಟಲು ತೊಳೆಯುವಾಗ, ಮೆಟ್ಟಿಲು ಹತ್ತುವಾಗ, ಬ್ರೆಡ್ಡು ಮುರಿಯುವಾಗ, ಎಲ್ಲೂ ಅಳು ಸಿಗಲಿಲ್ಲ. ಸಿಕ್ಕಿದ್ದೆಲ್ಲ ಗ್ಯಾಲರಿಯದು. ಸಂಜೆ ಕಾಬ್ರಿಯೆ ಕೈಗವಸು ಕಳಚಿದರೆ ಮಾತ್ರ ಎಂದಿಗಿಂತ ಸೊಗಸಾಗಿ ಅಳುತ್ತಿದ್ದಳು. ಕೆಳಗಿನಿಂದ ಯಾರೋ ಅದನ್ನು ನೋಡುತ್ತಿರುವಂತೆ ಅನಿಸಿ, ಕರವಸ್ತ್ರದಿಂದ ಇಡೀ ಮುಖ ಮುಚ್ಚಿಕೊಳ್ಳುತ್ತಿದ್ದಳು.

ಬ್ರೆಕ್ಕೆಯ ಹಡಗು ಆ ವರ್ಷ ತಡವಾಗಿ ಬಂತು. ನಾಟಕ ಇಳಿಯುವ ವಾರ ಅದು. ಭಾನುವಾರದ ಮಧ್ಯಾಹ್ನದ ಆಟವೇ ಕೊನೆಯದು. ಗುರುವಾರ ಅವನು ಎಂದಿನಂತೆ ಬಂದು ತನ್ನ ಜಾಗದಲ್ಲಿ ಕೂತದ್ದನ್ನು ಲೆಯೊಕಾದಿ ಗ್ಯಾಲರಿಯಿಂದ ಕಂಡಳು. ಇಳಿದು ಹೋಗಿ ಹೇಳಬೇಕೆನ್ನುವಷ್ಟರಲ್ಲಿ ದೀಪ ಇಳಿಯಿತು. ಪ್ರಹಸನ ಶುರುವಾದಾಗ ಆ ದೊಡ್ಡ ದೇಹ ಟೋಪಿಯ ಕಡೆಗೆ ವಾಲಿತು. ಏನೋ ಪಿಸುಗುಟ್ಟಿತು. ಕೈ ಚಾಚಿತು. ಬೀರುವಿನ ಬಾಗಿಲು ಮುಚ್ಚಿದಾಗ ಅವನು ಮೊದಲು ಪಕ್ಕಕ್ಕೆ ನೋಡಿದ; ಆಮೇಲೆ ಭುಜ ಕುಣಿಸಿ ನಕ್ಕ.

ಆಟ ಮುಗಿದ ಮೇಲೆ ಮೆಟ್ಟಿಲ ಬಳಿ ಸಿಕ್ಕಿದ, ಮುಖವೆಲ್ಲ ಕೆಂಪಾಗಿ.

"ಮದಾಮ್! ನಿಮ್ಮ ಗೆಳೆಯ ಇವತ್ತು ಬಹಳ ಚೆನ್ನಾಗಿ ನಗು! ಆದರೆ ತೆಳ್ಳಗೆ. ಊಟ ಇಲ್ಲವೇ?"

ಲೆಯೊಕಾದಿ ಮೆಟ್ಟಿಲ ಪಕ್ಕದ ಕಂಬಿ ಹಿಡಿದುಕೊಂಡಳು.

"ಕೈ ಕುಲುಕಿದೆ," ಎಂದ ಬ್ರೆಕ್ಕೆ. "ತಣ್ಣಗೆ. ನಮ್ಮ ಬಂದರಿನ ಮೀನು ಹಾಗೆ. ಮಾತು ಇಲ್ಲ, ನಗು ಮಾತ್ರ. ಮೇಲೆ ನೋಡುತ್ತಾರೆ, ಗ್ಯಾಲರಿ ನೋಡುತ್ತಾರೆ. ದೀಪ ಬಂತು, ಹೋಗಿದ್ದಾರೆ. ನನ್ನ ಮೇಲೆ ಕೋಪ?"

"ಕೋಪ ಇಲ್ಲ ಮೊಸ್ಯೂ," ಎಂದಳು. ತನ್ನ ದನಿ ತನಗೇ ದೂರದಿಂದ ಕೇಳಿಸಿತು. "ಅವರಿಗೆ ಬೇಗ ಹೋಗಬೇಕಿತ್ತು."

"ಭಾನುವಾರ ಬರುತ್ತಾರೆ?"

"ಬರ್ತಾರೆ. ಭಾನುವಾರ ಕೊನೇ ಆಟ."

ಮನೆಗೆ ನಡೆಯುತ್ತ ಅವಳಿಗೆ ಒಂದೇ ಯೋಚನೆ. ನಾಟಕ ಇಳಿದರೆ ಟೋಪಿ ತೆಗೆಯುತ್ತಾರೆ. ಟೋಪಿ ತೆಗೆದರೆ ಅವನು ಎಲ್ಲಿ ಕಾಯುತ್ತಾನೆ? ಕೊಡಬೇಕಾದದ್ದನ್ನು ಭಾನುವಾರದೊಳಗೆ ಕೊಡಬೇಕು. ಕೊಡಲು ಕೈಯಲ್ಲಿ ಏನೂ ಇಲ್ಲ.

ಭಾನುವಾರ ಮಂಜು ಎಷ್ಟಿತ್ತೆಂದರೆ ಮಧ್ಯಾಹ್ನವೇ ಬೂಲ್ವಾರಿನ ದೀಪಗಳನ್ನು ಹೊತ್ತಿಸಿದ್ದರು. ಸಭೆ ತುಂಬಿತ್ತು, ಅರ್ಧಕ್ಕರ್ಧ ಪರ ಊರಿನವರು, ಮಳೆಕೋಟು ತೊಡೆಯ ಮೇಲಿಟ್ಟುಕೊಂಡು ಪ್ಯಾರಿಸ್ ಶುರುವಾಗಲೆಂದು ಕಾಯುತ್ತಿದ್ದವರು. ಎಂದಿನಂತೆ ಮೊದಲಿನದು ಕರುಣೆಯ ನಾಟಕ. ತಾಯಿ ಮಗುವನ್ನು ಅನಾಥಾಲಯದ ಬಾಗಿಲಲ್ಲಿ ಬಿಟ್ಟಳು, ಕಾಬ್ರಿಯೆ ಕೈಗವಸು ಕಳಚಿದ, ಲೆಯೊಕಾದಿ ಅತ್ತಳು. ಕೈಗವಸು ತೊಟ್ಟ, ನಿಲ್ಲಿಸಿದಳು. ಪ್ರಹಸನಕ್ಕೆ ಮುಂಚೆ ಸಿಕ್ಕ ವಿರಾಮದಲ್ಲಿ ಕೆಳಗಿಳಿದು ಬಂದು ಟೋಪಿಯ ಈಚೆ ಪಕ್ಕದ ಕುರ್ಚಿಯಲ್ಲಿ ಕೂತಳು. ಅದು ಫಿರ್ಮಾನನ ಜಾಗ.

"ಲೇ, ಮೇಲೆ ಹೋಗೆ," ಎಂದ ಫಿರ್ಮಾನ್. "ಮುಖಂಡರು ನೋಡಿದ್ರೆ ಇಬ್ಬರನ್ನೂ ಬೀದಿಗೆ ಅಟ್ತಾರೆ."

"ನೀನು ಹಿಂದಿನ ಸಾಲಿಗೆ ಹೋಗು. ಹೇಗೂ ನೀನು ಹಿಂದೆ ಹೋಗೋನೇ ಅಲ್ವಾ?"

ಅವನು ಟೋಪಿಯನ್ನೊಮ್ಮೆ ನೋಡಿದ. ಆಮೇಲೆ ಸಂತೋಷವಾಗಿಯೇ ಹೋದ.

ಟೋಪಿಯ ಆಚೆ ಪಕ್ಕದಲ್ಲಿ ಬ್ರೆಕ್ಕೆ, ಕಾಗದದಲ್ಲಿ ಸುತ್ತಿದ ಉಪ್ಪುಮೀನು ತೊಡೆಯ ಮೇಲಿಟ್ಟುಕೊಂಡು. "ಇನ್ನೂ ಬಂದಿಲ್ಲ," ಎಂದು ಖಾಲಿ ಜಾಗ ತೋರಿಸಿ ಹೇಳಿದ. "ಬರುತ್ತಾರೆ. ಟೋಪಿ ಇದೆ."

ದೀಪ ಇಳಿಯಿತು. ಪರದೆ ಎದ್ದಿತು. ಗಂಡ ಬಂದ, ಅವನ ಗೆಳತಿ ಬಂದಳು, ಹೊರಗೆ ಹೆಂಡತಿಯ ಹೆಜ್ಜೆಯ ಸದ್ದಾಯಿತು. ಲೆಯೊಕಾದಿ ಟೋಪಿಯ ಕಡೆ ನೋಡದೆ ಕೂತಿದ್ದಳು. ಎಡತೋಳಿಗೆ ಚಳಿ ತಾಗಿತು, ನೆಲಮಾಳಿಗೆಯ ಬಾಗಿಲು ತೆರೆದಂತೆ. ಹಸಿ ಹುಲ್ಲಿನ ವಾಸನೆ ಬಂತು, ಕುರ್ಚಿಗೆ ಹೆಣೆಯುವ ಮೊದಲು ನೆನೆಹಾಕಿದ ಹುಲ್ಲಿನದು. ಬ್ರೆಕ್ಕೆಯ ಮುಖ ಅರಳಿತು. ಯಾರಿಗೋ ಜಾಗ ಬಿಡುವವನಂತೆ ಮೊಣಕೈ ಸರಿಸಿಕೊಂಡ.

ವೇದಿಕೆಯ ಮೇಲೆ ಗಂಡ ಬೀರುವಿನೊಳಕ್ಕೆ ನುಗ್ಗಿದ. ಬಾಗಿಲು ಮುಚ್ಚಿತು. ಕಾಬ್ರಿಯೆ ಮೂಗು ಒರೆಸಿದ.

ಉಸಿರು ಅವಳ ಕಿವಿಯ ಪಕ್ಕದಲ್ಲೇ ಬಂತು. ಕೆನ್ನೆಯ ಮೇಲಿನ ಎಳೆಗೂದಲು ಅಲುಗಿತು.

ಅವಳು ತಿರುಗಿದಳು. ಕತ್ತಲು, ಬೇರೇನಿಲ್ಲ. ವೇದಿಕೆಯ ಬೆಳಕು ಬೀಳುತ್ತಿದ್ದದ್ದು ಅವಳ ಮುಖದ ಮೇಲೆ. ಬಾಯಿ ತೆರೆದಿದೆ, ಕತ್ತಲಲ್ಲಿ ಅವನನ್ನು ಹುಡುಕುತ್ತಿದ್ದೇನೆ ಎಂಬುದು ಅವಳಿಗೆ ಗೊತ್ತಾಯಿತು. ಒಳಗಿಂದ ಏನೂ ಕಾಣಲ್ಲ ಮುದುಕಿ. ನಿನ್ನ ಮುಖ ಒಂದೇ ಬೆಳಕಲ್ಲಿತ್ತು. ಈಗಲೂ ಅವನಿಗೆ ಕಾಣುತ್ತಿರುವುದು ಇದೊಂದೇ. ಈ ಪರದೆ ಬಿದ್ದರೆ ಇದೂ ಇಲ್ಲ.

ಗಲ್ಲ ನಡುಗಲಿಲ್ಲ. ಕಣ್ಣು ಒದ್ದೆಯಾಗಲಿಲ್ಲ. ಹೊಟ್ಟೆಯ ಕೆಳಗಿನಿಂದ ಏನೋ ಕಿತ್ತುಕೊಂಡು ಬಂತು, ಗಾಡಿಯ ಕೆಳಗೆ ಸಿಕ್ಕ ನಾಯಿಯ ದನಿಯಂತೆ, ಕೆಟ್ಟದಾಗಿ, ಒಡೆದು. ಅದು ತನ್ನ ದನಿಯೆಂದು ತಿಳಿಯಲು ಅವಳಿಗೇ ಹೊತ್ತು ಹಿಡಿಯಿತು. ಮೂಗು ಸೋರಿತು, ತುಟಿ ಸೊಟ್ಟಗಾಯಿತು. ಕರವಸ್ತ್ರ ಗ್ಯಾಲರಿಯಲ್ಲೇ ಉಳಿದಿತ್ತು. ಮುಂದಿನ ಕುರ್ಚಿಯ ಬೆನ್ನಿಗೆ ಹಣೆ ಒತ್ತಿ ಅವಳು ಊಳಿಟ್ಟಳು.

ನಗಲು ಸಿದ್ಧನಾಗಿ ಪಕ್ಕಕ್ಕೆ ನೋಡಿದ ಬ್ರೆಕ್ಕೆಗೆ ಅವಳು ಕಂಡಳು. ಅವನ ಬಾಯಿ ಮೆಲ್ಲಗೆ ಮುಚ್ಚಿತು. ಇದನ್ನು ಹೀಗೆ ಸವಿಯಬೇಕೆಂದು ಅರಿತವನಂತೆ, ಏನೆಂದು ತಿಳಿಯದೆಯೇ, ಕಣ್ಣೀರು ಸುರಿಸಿದ. ಅವನ ಹಿಂದಿನ ಸಾಲಿನ ಪರದೇಶದ ಹೆಂಗಸೊಬ್ಬಳು ಅವನನ್ನು ನೋಡಿ ಕಣ್ಣಿಗೆ ಕೈಯಿಟ್ಟಳು. ಅವಳನ್ನು ನೋಡಿ ಅವಳ ಗಂಡ. ಫಿರ್ಮಾನ್ ಎಂದಿನಂತೆ ಅವರ ಹಿಂದೆ ಹೋಗಿ ಅತ್ತ. ಚಪ್ಪಾಳೆಯವರೂ ಅತ್ತರು. ಅಳು ಸಾಲಿನಿಂದ ಸಾಲಿಗೆ ಹತ್ತಿ, ಗ್ಯಾಲರಿ ದಾಟಿ, ಚಾವಣಿಯ ಕೆಳಗಿನ ಅಗ್ಗದ ಬೆಂಚುಗಳವರೆಗೆ ಹೋಯಿತು. ಬೀರುವಿನ ಬಾಗಿಲನ್ನು ಒಂದು ಬೆರಳಷ್ಟು ತೆರೆದು ಗಂಡನ ಪಾತ್ರದವನು ಹೊರಗೆ ನೋಡಿದ. ಇಡೀ ಸಭೆ ಅಳುತ್ತಿತ್ತು. ಕಾಬ್ರಿಯೆ ಕರವಸ್ತ್ರವನ್ನು ಮೂಗಿನ ಬಳಿ ಹಿಡಿದು ಹಾಗೇ ನಿಂತಿದ್ದ. ಎರಡು ಕೈಯಲ್ಲೂ ಕೈಗವಸು ಇತ್ತು.

ಉಸಿರಿನ ಹಿಂದೆ ಬರಬೇಕಿದ್ದ ನಗು ಬರಲಿಲ್ಲ.

ಜನ ಕೋಟು ತೊಟ್ಟು, ಒಬ್ಬರ ಮುಖ ಒಬ್ಬರು ನೋಡದೆ, ಬೇಗ ಬೇಗ ಹೊರಗೆ ಹೋದರು. ಕಾಬ್ರಿಯೆ ಅವಳ ಮುಂದೆ ಬಂದು ನಿಂತ.

"ಯಾರ ಸನ್ನೆ ನೋಡಿ ಅತ್ತೆ?"

"ಸನ್ನೆ ಇರಲಿಲ್ಲ ಮೊಸ್ಯೂ."

ಅವನು ಬೆತ್ತದ ಹಿಡಿ ತಿರುಗಿಸಿದ. "ಹಾಗಾದ್ರೆ ಇನ್ನು ನಿನ್ನಿಂದ ಈ ಕೆಲಸ ಆಗಲ್ಲ ಮಗಳೇ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. "ಟೋಪಿ ತಗೊಂಡು ಹೋಗು. ನಾಟಕ ಇಳೀತು."

ಬ್ರೆಕ್ಕೆ ಇನ್ನೂ ಕೂತಿದ್ದ. "ಮದಾಮ್, ಯಾಕೆ ಅಳು? ಇದು ತಮಾಷೆ ನಾಟಕ, ಅಲ್ಲವೇ?"

ಲೆಯೊಕಾದಿ ಹೇಳಿದಳು. ಬಾರ್ನಬೆ ಸತ್ತು ವಾರಗಳಾದವೆಂದು, ಪಾಂತಾನಿನಲ್ಲಿ ಮಲಗಿದ್ದಾನೆಂದು. ಅವನ ನಗುವಿಗೆ ಕೂಲಿ ಕೊಡುತ್ತಿದ್ದರೆಂಬುದನ್ನು ಹೇಳಲಿಲ್ಲ. ಬ್ರೆಕ್ಕೆ ತನ್ನ ಬಲಗೈಯನ್ನು ತಿರುಗಿಸಿ ಅಂಗೈ ನೋಡಿಕೊಂಡ. ಆಮೇಲೆ ಎದ್ದು, ಕಾಗದದ ಪೊಟ್ಟಣವನ್ನು ಖಾಲಿ ಕುರ್ಚಿಯ ಮೇಲಿಟ್ಟು, ತಲೆ ಬಾಗಿಸಿ ಹೋದ. ಮರುವರ್ಷ ಅವನು ಬರಲಿಲ್ಲ.

ಲೆಯೊಕಾದಿ ಟೋಪಿ ಎತ್ತಿಕೊಂಡಳು. ಒಳಗಿನ ತೊಗಲಿನ ಪಟ್ಟಿಗೆ ಬೆರಳು ತಾಗಿತು. ಅದು ಬೆಚ್ಚಗಿತ್ತು. ಈಗಷ್ಟೇ ತಲೆಯಿಂದ ತೆಗೆದ ಟೋಪಿಯಂತೆ ಬೆವರಿನಿಂದ ಒದ್ದೆಯಾಗಿತ್ತು. ಮಂಜಿನ ಬೀದಿಯಲ್ಲಿ ಅದನ್ನು ಎದೆಗೊತ್ತಿಕೊಂಡು ನಡೆದಳು. ಮನೆ ಮುಟ್ಟುವಷ್ಟರಲ್ಲಿ ತಣ್ಣಗಾಗಿತ್ತು.

ಆಮೇಲೆ ಅವಳು ಬಟ್ಟೆಯ ಹೂಗಳನ್ನಷ್ಟೇ ಮಾಡಿಕೊಂಡಿದ್ದಳು. ಅರ್ಧ ಹೆಣೆದ ಕುರ್ಚಿ ಹಾಗೇ ಉಳಿಯಿತು. ಅದರ ಮೇಲೆ ಟೋಪಿ. ರಾತ್ರಿ ಕೆಲಸ ಮುಗಿದ ಮೇಲೆ ಮೇಣದಬತ್ತಿಯನ್ನು ಊದಿ ಆರಿಸಿ, ಕತ್ತಲಲ್ಲಿ ತುಸು ಹೊತ್ತು ಅಲ್ಲಾಡದೆ ನಿಲ್ಲುತ್ತಿದ್ದಳು. ಏನೂ ಕೇಳುತ್ತಿರಲಿಲ್ಲ. ಆಮೇಲೆ ಗೋಡೆ ತಡವಿಕೊಂಡು ಹೋಗಿ ಮಲಗುತ್ತಿದ್ದಳು.